ಸಂಗಣ್ಣನವರು ಬರೆದ ಕಳ್ಳನ ಚಹರೆ

"ಕ್ಲೇಮು ತಗೊಳ್ಳೋದಂದ್ರ ಏನು, ಹಿಮಾಲಯ ಹತ್ತೋದೇನು? ನೋಡ್ತಿರು! ಹದಿನೈದು ದಿನದಾಗ ಹೊಸಾ ಫೋನು ತಂದು ನಿನ್ನ ಕೈಯಾಗ ಇಡಲಿಲ್ಲಂದ್ರ ನನ್ನ ಹೆಸರು ಸಂಗಣ್ಣನೇ ಅಲ್ಲ!"

ತಾರ್ನಾಕದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಬನಿಯನ್ನಿನ ಮೇಲೆ ಎದೆ ತಟ್ಟಿಕೊಂಡು ಸಂಗಣ್ಣನವರು ಈ ಘೋರ ಪ್ರತಿಜ್ಞೆ ಮಾಡಿದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾಂಭವಿ ತಲೆ ಎತ್ತಲಿಲ್ಲ. ಬಡಿಯುವ ಸದ್ದು ಮಾತ್ರ ಒಂದಿಷ್ಟು ಜೋರಾಯಿತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಆ ಸದ್ದಿನ ಅರ್ಥ ಕಲಿತಿದ್ದ ಸಂಗಣ್ಣನವರು ಪ್ರತಿಜ್ಞೆಯ ಉಳಿದ ಭಾಗವನ್ನು ಬಚ್ಚಲುಮನೆಗೆ ಹೋಗಿ ಮುಗಿಸಿಕೊಂಡರು.

ಅವರ ಧೈರ್ಯಕ್ಕೆ ಕಾರಣ ಇಲ್ಲದಿರಲಿಲ್ಲ. ಬಾಲಾನಗರದ ಕಡೆ ವಿಮಾನದ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಇನ್ಸ್‌ಪೆಕ್ಟರು. ಪೊಲೀಸ್ ಇನ್ಸ್‌ಪೆಕ್ಟರಲ್ಲ, ಬಿಡಿಭಾಗಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರು. ಊರ ಕಡೆ ಹೋದಾಗ ಈ ಸಣ್ಣ ವ್ಯತ್ಯಾಸವನ್ನು ಅವರು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ, ಅಷ್ಟೇ. ಒಂದು ಭಾಗಕ್ಕೆ ಒಂದು ತಪಾಸಣೆ ಹಾಳೆ, ಒಂದು ಹಾಳೆಗೆ ಮೂವತ್ತೆರಡು ಕಾಲಮ್ಮು. ಭಾಗ ಬಂಗಾರದಂತಿರಲಿ, ಒಂದೇ ಒಂದು ಕಾಲಮ್ಮು ಖಾಲಿಯಿದ್ದರೆ ರಿಜೆಕ್ಟ್! ಈ ಚಟ ಮನೆಯವರೆಗೂ ಬಂದಿತ್ತು. ಗ್ಯಾಸ್ ಸಂಪರ್ಕದ ಅರ್ಜಿಯಲ್ಲಿ 'ಇತರೆ ವಿವರ' ಎಂಬ ಕಾಲಮ್ಮು ಕಂಡಾಗ, ಖಾಲಿ ಬಿಡಲು ಮನಸ್ಸಾಗದೆ 'ಮನೆಯವರಿಗೆ ಮೊಣಕಾಲು ನೋವು' ಎಂದು ತುಂಬಿದ್ದ ಮಹಾನುಭಾವರು ಅವರು. ಸಿಲಿಂಡರು ಬಂತು. ಅದು ಆ ಕಾಲಮ್ಮಿನಿಂದಲೇ ಬಂತೆಂದು ಇಂದಿಗೂ ನಂಬಿದ್ದಾರೆ.

ಇಷ್ಟಕ್ಕೂ ಕಳೆದ ಫೋನು ಅವರದಲ್ಲ, ಶಾಂಭವಿಯದು. ಅದೇ ಕುತ್ತಿಗೆಗೆ ಬಂದದ್ದು.

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಎದ್ದ ಕಾಲ ಅದು. ರಾಯಚೂರು, ಕೊಪ್ಪಳ, ಬಾಗಲಕೋಟೆಯ ಹುಡುಗ ಹುಡುಗಿಯರು ಬಂದು ಅವುಗಳೊಳಗೆ ತುಂಬಿಕೊಂಡಿದ್ದರು. ಕೈತುಂಬ ಸಂಬಳ, ಕೊರಳಿಗೊಂದು ಗುರುತಿನ ಬಿಲ್ಲೆ, ಮಧ್ಯಾಹ್ನಕ್ಕೆ ಪಿಜ್ಜಾ. ಮೂರು ತಿಂಗಳು ಕಳೆಯುವಷ್ಟರಲ್ಲಿ ರೊಟ್ಟಿ, ಶೇಂಗಾ ಹಿಂಡಿ ನೆನಪಾಗಿ ಕಣ್ಣಲ್ಲಿ ನೀರು! ಶಾಂಭವಿ ಪರಿಚಯದ ಒಬ್ಬ ಹುಡುಗಿಗೆ ಹತ್ತು ರೊಟ್ಟಿ ಕಟ್ಟಿಕೊಟ್ಟದ್ದೇ ನೆಪ. ಅವಳ ಹೆಸರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಬ್ಬಿ, ವರ್ಷದೊಳಗೆ 'ರೊಟ್ಟಿ ಶಾಂಭವಿ' ಎಂದೇ ಹೆಸರಾಯಿತು. ಆ ರೊಟ್ಟಿಯ ದುಡಿಮೆಯಿಂದ ಅವಳು ಕ್ಯಾಮೆರಾ ಇರುವ ಫೋನು ಕೊಂಡಳು. ಇಳಕಲ್ ಸೀರೆಯ ಹಳೇ ಸೆರಗಿನಿಂದ ಅದಕ್ಕೊಂದು ಚೀಲ ಹೊಲಿದು, ಚೀಲದ ಹಿಂದಿನ ಕಿಸೆಯಲ್ಲಿ ಬ್ಯಾಂಕಿನ ಎಟಿಎಂ ಕಾರ್ಡು ಇಟ್ಟುಕೊಂಡಳು. ಅಂಗಡಿಯವನು ಜತೆಗೆ 'ನಿಶ್ಚಿಂತ' ಎಂಬ ವಿಮೆ ಅಂಟಿಸಿದ. ಫೋನು, ಕಾರ್ಡು ಎರಡಕ್ಕೂ ರಕ್ಷಣೆ ಎಂದ.

ಮನೆಗೆ ಫೋನು ಬಂದ ವಾರವೇ ಸಂಗಣ್ಣನವರು "ಒಂದು ಮನಿಗೆ ಎರಡು ಫೋನು ಯಾಕ?" ಎಂದು ಹಳೆಯ ತಂತಿ ಫೋನನ್ನು ವಾಪಸು ಮಾಡಿಸಿಬಿಟ್ಟರು. ಅವರ ಕಾರ್ಖಾನೆಯ ಗೇಟಿನೊಳಗೆ ಮೊಬೈಲು ಬಿಡುತ್ತಿರಲಿಲ್ಲ, ಹಾಗಾಗಿ ಅವರಿಗೆ ಸ್ವಂತದ್ದು ಬೇಕಿರಲಿಲ್ಲ. ಅಂತೂ ಮನೆಯ ಸಕಲ ಸಂಪರ್ಕವೂ ಆ ಇಳಕಲ್ ಚೀಲದಲ್ಲಿತ್ತು.

ಅದರಲ್ಲಿ ಇನ್ನೊಂದು ಬೆಲೆಬಾಳುವ ಸಂಗತಿಯೂ ಇತ್ತು, ಒಂದು ನಂಬರು. ಐಶ್ವರ್ಯಾ ಎಂಬ ಸಾಫ್ಟ್‌ವೇರ್ ಹುಡುಗಿ ಮನೆಗೇ ಬಂದು ಹೇಳಿ ಹೋಗಿದ್ದಳು: ನವೆಂಬರಿನ ಮೊದಲ ಭಾನುವಾರ ಅವರ ಕಂಪನಿಯ ಕನ್ನಡದವರ ಕೂಟ, ಮುನ್ನೂರು ರೊಟ್ಟಿ ಬೇಕಾಗಬಹುದು. ರುಚಿ ಹಿಡಿಸಿದರೆ ಪ್ರತಿ ತಿಂಗಳೂ ಬೇಕು. "ಫೋನಿಗೆ ಮೆಸೇಜ್ ಹಾಕ್ತೀನಿ ಆಂಟಿ, ಮುಂಚಿನ ಬುಧವಾರ ಸಂಜೆ ಐದರೊಳಗ ಹೂಂ ಅಂತ ಹೇಳ್ರಿ. ಇಲ್ಲಾಂದ್ರ ಬ್ಯಾರೇ ಕಡೆ ಕೊಡಬೇಕಾಗ್ತದ."

ಮುನ್ನೂರು ರೊಟ್ಟಿ ಒಬ್ಬಳ ಕೈಯ ಮಾತಲ್ಲ. ಶಾಂಭವಿಗೆ ನೆರವಾಗಲು ವಾರಕ್ಕೆರಡು ದಿನ ಬರುತ್ತಿದ್ದವಳು ಗದಿಗೆಮ್ಮ, ಲಿಂಗಸುಗೂರಿನ ಕಡೆಯವಳು. ಉಳಿದ ದಿನ ಅದೇ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದಳು. "ಈ ಆರ್ಡರು ಕುದುರಿದರ ಇಟ್ಟಂಗಿ ಬಿಡು, ನನ್ನ ಜೋಡಿನೇ ಇರು" ಎಂದು ಶಾಂಭವಿ ಮಾತು ಕೊಟ್ಟಿದ್ದಳು. ಗದಿಗೆಮ್ಮ ಮೇಸ್ತ್ರಿಗೆ ಆಗಲೇ ಒಂದು ಬಿರುಸು ಮಾತು ಆಡಿ ಬಂದಿದ್ದಳು. ಹಿಂದಕ್ಕೆ ಹೋಗುವ ದಾರಿ ಅಷ್ಟು ಸಲೀಸಾಗಿರಲಿಲ್ಲ.

ಇನ್ನು ಫೋನು ಕಳೆದ ಪರಿ.

ಆ ಭಾನುವಾರ ಶಾಂಭವಿಯ ತಮ್ಮ ಹಂಪಯ್ಯ ಊರಿಗೆ ಹೊರಟಿದ್ದ. ರಾಯಚೂರಿನ ಹತ್ತಿರದ ಹಳ್ಳಿಯಲ್ಲಿ ಅವನದು ಕಿರಾಣಿ ಅಂಗಡಿ. ಸಾಮಾನಿಗೆಂದು ಹೈದರಾಬಾದಿಗೆ ಬಂದಾಗಲೆಲ್ಲ ಅಕ್ಕನ ಮನೆಯಲ್ಲೇ ಠಿಕಾಣಿ. ಈ ಸಲ ಶಾಂಭವಿ, ವರ್ಷಗಟ್ಟಲೆ ಕೂಡಿಟ್ಟ ಹಳೇ ಸೀರೆಗಳನ್ನು ದೊಡ್ಡ ಗಂಟು ಕಟ್ಟಿ, ಕೌದಿ ಹೊಲಿಸಲು ತವರಿಗೆ ಕಳಿಸಿದಳು. ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವ ಹೊಣೆ ಸಂಗಣ್ಣನವರದು. ಹೊರಡುವಾಗ ಅವರು ಹೆಂಡತಿಯ ಫೋನನ್ನೂ ಎತ್ತಿಕೊಂಡರು.

"ಅದ್ಯಾಕ್ರಿ ನಿಮಗ?"

"ಗಾಡಿ ಲೇಟಾದರ ನಿನಗ ಫೋನ್ ಮಾಡಿ ಹೇಳಬೇಕಲ್ಲ?"

"ಫೋನು ನಿಮ್ಮ ಕಡೆ ಇದ್ದರ ನನಗ ಯಾವುದಕ್ಕ ಮಾಡ್ತೀರಿ? ರೊಟ್ಟಿ ಹಂಚಿಗೇನು?"

ಸಂಗಣ್ಣನವರು ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಉತ್ತರ ಕೊಡುವವರಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಜನರೆದುರು ಫೋನು ತೆಗೆದು, ಗಂಟೆ ನೋಡಿ, ಚೀಲದೊಳಗೆ ಇಡುವ ಸುಖ ಆಕೆಗೆ ಹೇಗೆ ಗೊತ್ತಾಗಬೇಕು! ಅದನ್ನು ಅವರು ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಮಾಡಿದರು. ಅಷ್ಟರಲ್ಲಿ ಸೀರೆಯ ಗಂಟು ಸಡಿಲಾಗಿ ಒಂದು ಸೆರಗು ಹೊರಗೆ ಇಣುಕಿತು.

"ಏನಪ್ಪಾ ಹಂಪಯ್ಯ, ಇದೇನು ಗಂಟೋ ಗದ್ದಲವೋ? ನಮ್ಮ ಫ್ಯಾಕ್ಟರಿಗೆ ಇಂಥಾ ಪ್ಯಾಕಿಂಗು ಬಂದಿದ್ದರ ಗೇಟಿನಿಂದನೇ ವಾಪಸ್!"

"ಇರಲಿ ಬಿಡ್ರಿ ಮಾವಾರ, ಗಾಡಿ ಬಿಡೋ ಹೊತ್ತಾತು."

ಬಿಡುವುದುಂಟೆ! ಗಂಟು ಬಿಚ್ಚಿದರು. ಸೀರೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿದರು. ಕಟ್ಟಲು ಎರಡೂ ಕೈ ಬೇಕಾಯಿತು. ಅಂಗಿಯ ಕಿಸೆಯಲ್ಲಿ ನಾಲ್ಕು ಪೆನ್ನು, ಒಂದು ಅಳತೆಪಟ್ಟಿ. ಹಾಗಾಗಿ ಒಂದು ಗಳಿಗೆಗೆಂದು ಫೋನನ್ನು ಸೀರೆಗಳ ಮೇಲೆ ಇಟ್ಟರು. ನಂತರ ಜಗತ್ತಿನ ಯಾವ ಶಕ್ತಿಯೂ ಬಿಚ್ಚಲಾರದಂಥ ಜೋಡಿ ಗಂಟು ಹಾಕಿ, ಕೈ ಒದರಿಕೊಂಡು, ಕಿಟಕಿಯೊಳಗೆ ನಗುತ್ತಿದ್ದ ಭಾವಮೈದುನನಿಗೆ ಕೈಬೀಸಿದರು. ರೈಲು ಹೋಯಿತು. ಹೌದು, ಫೋನೂ ಹೋಯಿತು. ಓದುವ ನಿಮಗೆ ಗೊತ್ತಾಯಿತು, ಸಂಗಣ್ಣನವರಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಕಿಸೆ ಮುಟ್ಟಿಕೊಂಡರೆ ಫೋನು ಇಲ್ಲ. ಬೀದಿಯ ಫೋನ್ ಬೂತಿಗೆ ಓಡಿ ನಂಬರು ಒತ್ತಿದರೆ 'ಸ್ವಿಚ್ ಆಫ್' ಎಂದು ಒಬ್ಬ ಹೆಂಗಸು ಮೂರು ಭಾಷೆಯಲ್ಲಿ ಹೇಳಿದಳು. "ಬ್ಯಾಟರಿ ಪೂರಾ ಖಾಲಿ ಆದ ಮ್ಯಾಲೇ ಚಾರ್ಜಿಗೆ ಹಾಕಬೇಕು, ಬಾಳಿಕೆ ಬರತೈತಿ" ಎಂಬ ಸಿದ್ಧಾಂತ ಮಂಡಿಸಿ, ಮೂರು ದಿನದಿಂದ ಚಾರ್ಜಿಗೆ ಹಾಕಲು ಬಿಡದಿದ್ದವರೂ ಅವರೇ. ಆ ಸಿದ್ಧಾಂತ ಈಗ ನೆನಪಾಗಲಿಲ್ಲ.

"ಸ್ವಿಚ್ ಆಫ್ ಅಂದ್ರ ಮುಗೀತು! ಕಳ್ಳರು ಮೊದಲು ಮಾಡೋ ಕೆಲಸನೇ ಅದು" ಎಂದರು.

ಶಾಂಭವಿ ಕೂಗಾಡಲಿಲ್ಲ. ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತಳು. "ಎಲ್ಲಾರ ನಂಬರೂ ಅದರ ಹೊಟ್ಟ್ಯಾಗ ಇದ್ದೂ ಅಲ್ರೀ" ಎಂದಳು, ಅಷ್ಟೇ. ಬೈದಿದ್ದರೆ ಸಂಗಣ್ಣನವರು ತಿರುಗಿ ಬೈಯುತ್ತಿದ್ದರು. ಬೈಯಲಿಲ್ಲವಾದ್ದರಿಂದ ಪ್ರತಿಜ್ಞೆ ಮಾಡಬೇಕಾಯಿತು. ನೀವು ಮೊದಲಿಗೆ ಕೇಳಿದ್ದು ಅದೇ.

'ನಿಶ್ಚಿಂತ'ದ ಆಫೀಸು ಅಬಿಡ್ಸ್‌ನ ಒಂದು ಓಣಿಯ ಎರಡನೇ ಮಹಡಿಯಲ್ಲಿತ್ತು. ಕ್ಲೇಮು ತೆಗೆದುಕೊಳ್ಳುವ ಮೇಜಿನ ಹಿಂದೆ ನಲಿನಿ ಎಂಬ ಹುಡುಗಿ. "ಅವ್ವಾ, ಪುಂಡಿಪಲ್ಯ ಉಳಿಸಿಡು" ಎಂದು ಅವಳು ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿದ್ದು ಸಂಗಣ್ಣನವರು ಅರಳಿದರು. ನಮ್ಮವಳೇ! ಇನ್ನು ಕೆಲಸ ಆದ ಹಾಗೆಯೇ! ಕುರ್ಚಿ ಎಳೆದು ಕೂತು, ರಾಯಚೂರು, ಮಳೆ ಬೆಳೆ ಎಲ್ಲ ವಿಚಾರಿಸಿ ಅರ್ಜಿ ಮುಂದಿಟ್ಟರು. ಅದರಲ್ಲಿ ನಿಜವನ್ನೇ ಬರೆದಿದ್ದರು: ಫೋನು ಹಾಗೂ ಕಾರ್ಡು ಎಲ್ಲಿ ಹೋದವೆಂದು ತಿಳಿಯದು.

ನಲಿನಿ ಓದಿ ವಾಪಸು ಸರಿಸಿದಳು. "ಆಗಂಗಿಲ್ಲ ಅಂಕಲ್. ಕಳಕೊಂಡರ ಕೊಡಂಗಿಲ್ಲ. ಕಳುವಾದರ ಅಷ್ಟೇ."

"ಎರಡೂ ಒಂದೇ ಅಲ್ಲೇನಮ್ಮ? ಹೆಂಗಾದರೂ ನನ್ನ ಕಡೆ ಇಲ್ಲ."

"ಕಳಕೊಂಡರ ನಿಮ್ಮ ತಪ್ಪು. ಕದ್ದರ ಕಳ್ಳನ ತಪ್ಪು. ಕಂಪನಿ ನಿಮ್ಮ ತಪ್ಪಿಗೆ ರೊಕ್ಕಾ ಕೊಡಂಗಿಲ್ಲ, ಕಳ್ಳನ ತಪ್ಪಿಗೆ ಕೊಡ್ತದ."

"ಹಾಂಗಾದರ ಪಾಲಿಸಿ ಇರೋದು ಕಳ್ಳನ ಹೆಸರಿನ ಮ್ಯಾಲೇನು?"

ನಲಿನಿಗೆ ದಿನಕ್ಕೆ ಇಂಥ ಇಪ್ಪತ್ತು ಪ್ರಶ್ನೆ ಬರುತ್ತಿದ್ದವು. ನಗಲಿಲ್ಲ. ಹನ್ನೆರಡು ಪುಟದ ಹೊಸ ಫಾರಂ ಕೊಟ್ಟು, "ಪೊಲೀಸ್ ಕಂಪ್ಲೇಂಟಿನ ಕಾಪಿ, ಬಿಲ್ಲು, ಡಬ್ಬಿ, ಚಾರ್ಜರು ಎಲ್ಲಾ ಜಮಾ ಮಾಡ್ರಿ" ಎಂದಳು.

ಬಸ್ಸಿನಲ್ಲಿ ಬರುತ್ತ ಸಂಗಣ್ಣನವರು ಆಳವಾಗಿ ಚಿಂತಿಸಿದರು. ಫೋನಿಗೇನು ಕಾಲಿವೆಯೆ? ಇಲ್ಲ. ತಾನಾಗಿ ಹೋಗಲಾರದು ಎಂದರೆ ಯಾರೋ ಒಯ್ದಿರಬೇಕು. ಕೇಳದೆ ಒಯ್ದವನಿಗೆ ಕನ್ನಡದಲ್ಲಿ ಏನೆನ್ನುತ್ತಾರೆ? ಕಳ್ಳ! ತಾರ್ನಾಕ ಬರುವಷ್ಟರಲ್ಲಿ ಕಳುವಾದದ್ದು ಅವರ ಮಟ್ಟಿಗೆ ಸಿದ್ಧವಾಗಿಹೋಗಿತ್ತು.

ಸಂಜೆ ಫಾರಂ ಹರಡಿಕೊಂಡು ಕೂತರು. ಹೆಸರು, ವಿಳಾಸ, ಫೋನಿನ ಉದ್ದ ಅಗಲ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ ಸಾಗಿತು. ಒಂಬತ್ತನೇ ಪುಟದಲ್ಲಿ ಪೆನ್ನು ನಿಂತಿತು. 'ಕಳ್ಳನ ಚಹರೆ, ಗೊತ್ತಿದ್ದರೆ.' ಕೆಳಗೆ ಹತ್ತು ಸಾಲಿನ ಖಾಲಿ ಜಾಗ! 'ಗೊತ್ತಿದ್ದರೆ' ಎಂಬ ಪದ ಅವರ ಕಣ್ಣಿಗೆ ಬೀಳಲಿಲ್ಲ, ಖಾಲಿ ಜಾಗ ಮಾತ್ರ ಬಿತ್ತು. ಬೇರೆ ಯಾರಾದರೂ ಆಗಿದ್ದರೆ 'ನೋಡಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇಪ್ಪತ್ತಾರು ವರ್ಷದ ತಪಾಸಣೆಯ ಕೈ ಹಾಗೆ ಬರೆಯಲು ಒಪ್ಪಬೇಕಲ್ಲ!

ಕಣ್ಣು ಮುಚ್ಚಿ ಕಾಚಿಗೂಡದ ಪ್ಲಾಟ್‌ಫಾರ್ಮನ್ನು ಕಣ್ಣಮುಂದೆ ತಂದುಕೊಂಡರು. ಅಲ್ಲಿ ಒಂದೇ ಒಂದು ಮುಖ ಕಾಣುತ್ತಿತ್ತು. ಕಿಟಕಿಯಲ್ಲಿ ಹಲ್ಲು ಬಿಟ್ಟು ನಗುತ್ತಿದ್ದ ಹಂಪಯ್ಯನದು. ಇಲ್ಲದ್ದನ್ನು ಕಲ್ಪಿಸಿ ಬರೆಯುವ ವಿದ್ಯೆ ಅವರಿಗೆ ಬಾರದು. ಎದುರಿಗಿದ್ದದ್ದನ್ನು ಅಳೆದು ಬರೆಯುವುದಷ್ಟೇ ಗೊತ್ತು. ಜತೆಗೆ ಒಂದು ಹಳೇ ಸಿಟ್ಟೂ ಇತ್ತು. ಒಯ್ದ ಛತ್ರಿಯನ್ನು ಕಡ್ಡಿ ಮುರಿದು ವಾಪಸು ತಂದವ ಈ ಹಂಪಯ್ಯ. ಇನ್ನು, ಹೈದರಾಬಾದಿನ ಕ್ಲೇಮನ್ನು ಹಿಡಿದು ರಾಯಚೂರಿನ ಹಳ್ಳಿಗೆ ಯಾರು ಹೋಗುತ್ತಾರೆ? ಪೆನ್ನು ಓಡಿತು. ಹತ್ತು ಸಾಲು ಸಾಲದೆ ಹಾಳೆ ಅಂಟಿಸಿದರು.

"ಏನು ಅಷ್ಟೊಂದು ಬರೀತೀರಿ?" ಶಾಂಭವಿ ಕೇಳಿದಳು.

"ಅದು ಟೆಕ್ನಿಕಲ್ ವಿಷಯ. ನಿನಗ ತಿಳಿಯಂಗಿಲ್ಲ."

ಮರುದಿನ ಅದೇ ಚಹರೆಯ ಪ್ರತಿಯನ್ನು ದೂರಿಗೆ ಲಗತ್ತಿಸಿ ಪೊಲೀಸ್ ಠಾಣೆಗೆ ಕೊಟ್ಟರು. ದೂರು ತೆಗೆದುಕೊಂಡ ಹೆಡ್ ಕಾನ್‌ಸ್ಟೇಬಲ್ ವಯಸ್ಸಾದವರು. ಕನ್ನಡಕ ಏರಿಸಿ ಎರಡು ಪುಟ ಓದಿ, ಕನ್ನಡಕ ಇಳಿಸಿ, ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: "ಸಾರ್, ಈ ಕಳ್ಳನ ಜೊತೆ ನೀವು ಎಷ್ಟು ವರ್ಷ ಸಂಸಾರ ಮಾಡಿದ್ದೀರಿ?"

ಸಂಗಣ್ಣನವರು ಅದನ್ನು ಪ್ರಶಂಸೆ ಎಂದೇ ತಿಳಿದು ಕೈ ಮುಗಿದು ಬಂದರು. ಅಬಿಡ್ಸ್‌ಗೆ ಹೋಗಿ ಫಾರಂ, ಬಿಲ್ಲು, ಡಬ್ಬಿ, ಚಾರ್ಜರು ಜಮಾ ಮಾಡಿದರು. ನಲಿನಿ ಫಾರಂ ಬಿಟ್ಟು ಉಳಿದೆಲ್ಲವನ್ನೂ ಒಂದು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದಳು. "ಬರೋ ವಾರ ಬುಧವಾರ ಮನಿಗೆ ವೆರಿಫಿಕೇಶನ್‌ಗೆ ಬರ್ತೀನಿ ಅಂಕಲ್."

ಮನೆಯಲ್ಲಿ ಒಂದೊಂದು ದಿನವೂ ಒಂದೊಂದು ವರ್ಷವಾಗಿ ಹೋಗುತ್ತಿತ್ತು. "ಅದೇ ನಂಬರಿನ ಬ್ಯಾರೇ ಸಿಮ್ಮಾದರೂ ತಗೊಂಡು ಬರ್ರಿ, ಐಶ್ವರ್ಯಾ ಫೋನ್ ಮಾಡ್ತಿರಬೇಕು" ಎಂದು ಶಾಂಭವಿ ಅಂಗಲಾಚಿದರೆ, "ಸಿಮ್ಮು ಮುಟ್ಟಂಗಿಲ್ಲ! ಕ್ಲೇಮು ಮುಗಿಯೋತನಕ ಅದು ಸಾಕ್ಷಿ" ಎಂದು ಸಂಗಣ್ಣನವರು ಕಾನೂನು ಹೇಳಿದರು. ಹಾಗೆ ಯಾವ ಕಾನೂನೂ ಇರಲಿಲ್ಲ. ಕಾರ್ಡು ಬಂದ್ ಮಾಡಿಸಿದ್ದರಿಂದ ಜೋಳ ತರಲು ಶಾಂಭವಿ ಪಾಸ್‌ಬುಕ್ಕು ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಂತಳು. ಐಶ್ವರ್ಯಾ ಯಾವ ಕಟ್ಟಡದವಳು ಎಂಬುದು ಗದಿಗೆಮ್ಮನಿಗೆ ಗೊತ್ತಿತ್ತು. ಕೇಳಿಕೊಂಡು ಬರಲು ತಾನೇ ಹೋದಳು, ಗೇಟಿನಿಂದಲೇ ವಾಪಸಾದಳು.

"ನಾಕನೇ ಅಂತಸ್ತಿನತನಕಾ ಇಟ್ಟಂಗಿ ಹೊತ್ತಾಕಿ ನಾನೇ ಅಂದೆ ಅಕ್ಕಾರ. ಈಗ ಒಳಗ ಹೋಗಬೇಕಂದ್ರ ಬಿಲ್ಲೆ ಬೇಕಂತ" ಎಂದು ಹೇಳಿ ಗದಿಗೆಮ್ಮ ಹಿಟ್ಟು ನಾದತೊಡಗಿದಳು. ಆ ಹೊತ್ತು ಸಂಗಣ್ಣನವರಿಗೂ ಊಟ ರುಚಿಸಲಿಲ್ಲ. ಆದರೂ ಕ್ಲೇಮಿನ ಮೇಲಿನ ಭರವಸೆ ಬಿಡಲಿಲ್ಲ.

ಬುಧವಾರ ಬಂತು. ಸಂಗಣ್ಣನವರು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಕಾದರು. ಸಂಜೆ ನಾಲ್ಕಕ್ಕೆ ನಲಿನಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದಳು. ಶಾಂಭವಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದಿಟ್ಟಳು. ಹುಡುಗಿ ಬೇಡ ಬೇಡ ಎನ್ನುತ್ತಲೇ ಎರಡು ರೊಟ್ಟಿ ಮುಗಿಸಿ, ಕೈ ತೊಳೆದು, ಫಾರಂ ತೆಗೆದಳು.

"ಅಂಕಲ್ ಬರದ ಚಹರೆ ಒಂದು ಸಲ ಓದಿ ಹೇಳ್ತೀನಿ. ಸರಿ ಐತಿ ಅಂದ್ರ ಇಬ್ಬರೂ ಸಹಿ ಮಾಡ್ರಿ."

"ಅದನ್ನೇನು ಓದೋದು? ನಾನೇ ಬರದದ್ದು, ಸರಿ ಇರತೈತಿ" ಎಂದು ಸಂಗಣ್ಣನವರು ಕೈ ಚಾಚಿದರು.

"ಓದಲೇಬೇಕು ಅಂಕಲ್. ಪ್ರೊಸೀಜರು." ಪ್ರೊಸೀಜರು ಎಂಬ ಪದದ ಮುಂದೆ ಸಂಗಣ್ಣನವರಿಗೆ ಬಾಯಿಲ್ಲ. ನಲಿನಿ ಓದಿದಳು: "ವಯಸ್ಸು ಸುಮಾರು ನಲವತ್ತು. ಎತ್ತರ ಐದು ಅಡಿ ಏಳೂವರೆ ಇಂಚು. ಬಣ್ಣ ಎಣ್ಣೆಗೆಂಪು. ಎಡ ಹುಬ್ಬಿನ ಮೇಲೆ ಅರ್ಧ ಇಂಚಿನ ಹಳೆಯ ಕಲೆ."

"ಅದು ಬುಗುರಿ ಬಡದು ಆಗಿದ್ದು" ಎಂದಳು ಶಾಂಭವಿ.

ನಲಿನಿ ತಲೆ ಎತ್ತಿದಳು. "ನಿಮಗ ಹ್ಯಾಂಗ ಗೊತ್ತು ಆಂಟಿ?"

"ಹೊಡದಾಕಿ ನಾನೇ. ಮುಂದ ಓದವ್ವಾ."

"ಮುಂದಿನ ಎರಡು ಹಲ್ಲಿನ ನಡುವೆ ಸಂದು. ಒಂದು ದವಡೆ ಹಲ್ಲಿಗೆ ಬಂಗಾರದ ಟೊಪ್ಪಿಗೆ. ಹೆಗಲ ಮೇಲೆ ಹಸಿರು ಅಂಚಿನ ಟವೆಲ್ಲು. ಬಲಗಾಲ ಚಪ್ಪಲಿಗೆ ಕೆಂಪು ತಂತಿ ಸುತ್ತಿದೆ. ಮಾತಿಗೊಮ್ಮೆ 'ಹೌದಿಲ್ಲೋ' ಎನ್ನುವ ಅಭ್ಯಾಸ. ಪರರ ಛತ್ರಿಯ ಬಗ್ಗೆ ಕಾಳಜಿ ಇಲ್ಲ."

ಮನೆಯೊಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಗದಿಗೆಮ್ಮ ಒಳಗಿನಿಂದ ಇಣುಕಿದಳು. ಶಾಂಭವಿ ಗಂಡನ ಕಡೆ ಒಂದು ನೋಟ ಬೀರಿದಳು. ಸಂಗಣ್ಣನವರು ಸೂರು ನೋಡಿದರು. ಫ್ಯಾನು ತಪಾಸಣೆ ಮಾಡುವವರ ಹಾಗೆ ಬಹಳ ಹೊತ್ತು ನೋಡಿದರು.

ಆಗಲೇ ಬಾಗಿಲಲ್ಲಿ ದನಿ ಕೇಳಿತು.

"ಅಕ್ಕಾ! ಮನ್ಯಾಗ ಅದೀರಿ, ಹೌದಿಲ್ಲೋ?"

ಹಂಪಯ್ಯ! ಹೆಗಲ ಮೇಲೆ ಹಸಿರು ಅಂಚಿನ ಟವೆಲ್ಲು, ಕಾಲಲ್ಲಿ ಕೆಂಪು ತಂತಿಯ ಚಪ್ಪಲಿ, ಮುಖದ ತುಂಬ ನಗೆ. ನಗೆಯ ನಡುವೆ ಸಂದು, ಹಿಂದುಗಡೆ ಬಂಗಾರ. ನಲಿನಿ ಬಾಯಿ ತೆರೆದವಳು ಮುಚ್ಚಲಿಲ್ಲ. ಹಂಪಯ್ಯ ಅದಾವುದನ್ನೂ ಗಮನಿಸದೆ ಕೈಚೀಲದಿಂದ ಇಳಕಲ್ ಸೆರಗಿನ ಆ ಪುಟ್ಟ ಚೀಲ ತೆಗೆದು ಅಕ್ಕನ ಕೈಗಿಟ್ಟ.

"ತಗೋ ನಿನ್ನ ಫೋನು. ಸೀರಿ ಗಂಟಿನ್ಯಾಗ ಇತ್ತು. ನಡುವ ಅಮಾಸಿ ಬಂತು ಅಂತ ಅವ್ವ ಗಂಟು ಬಿಚ್ಚಗೊಡಲಿಲ್ಲ. ಅಮಾಸಿ ಕಳದ ಮ್ಯಾಲೂ ಆ ಗಂಟು ಬಿಚ್ಚಾಕ ಬರವಲ್ತು! ಯಾವ ಪುಣ್ಯಾತ್ಮ ಕಟ್ಟಿದ್ದನೋ, ಕಡೀಕ ಕುಡಗೋಲಿನ್ಯಾಗ ಕೊಯ್ದಿವಿ. ಕೌದಿ ಹೊಲಿಯೋ ಹುಸೇನಮ್ಮ ನೋಡಲಿಲ್ಲಂದ್ರ ಫೋನು ಕೌದ್ಯಾಗ ಹೋಗ್ತಿತ್ತು, ಹೌದಿಲ್ಲೋ?"

"ಸಿಕ್ಕ ಕೂಡಲೇ ಒಂದು ಫೋನ್ ಮಾಡಬಾರದಾಗಿತ್ತೇನೋ?" ಶಾಂಭವಿ ಚೀಲ ಬಿಚ್ಚುತ್ತ ಕೇಳಿದಳು.

"ಮಾಡಿದೆನಲ್ಲಾ! ನಿನ್ನ ಫೋನು ಸಿಕ್ಕೈತಿ ಅಂತ ಹೇಳಾಕ ನಿನ್ನ ಫೋನಿಗೇ ಮೂರು ಸಲ ಮಾಡಿದೆ. ಹತ್ತಲಿಲ್ಲ. ಬ್ಯಾರೇ ನಂಬರು ಎಲ್ಲೈತಿ ನಿಮ್ಮದು?"

ನಲಿನಿ ಅಷ್ಟರಲ್ಲಿ ಪೆನ್ಸಿಲು ತೆಗೆದು ಹುಬ್ಬು, ಹಲ್ಲು, ಟವೆಲ್ಲು, ಚಪ್ಪಲಿ ಎಂದು ಒಂದೊಂದಕ್ಕೂ ಸರಿ ಗುರುತು ಹಾಕುತ್ತಿದ್ದಳು. "ಇಂಥಾ ಪಕ್ಕಾ ಚಹರೆ ನಮ್ಮ ಕಂಪನಿಗೆ ಇಲ್ಲೀತನಕ ಬಂದಿಲ್ಲ ಅಂಕಲ್. ಇವರು ಯಾರು?"

"ನನ್ನ ತಮ್ಮ" ಎಂದಳು ಶಾಂಭವಿ. "ಇವರ ಪ್ರಕಾರ ಕಳ್ಳ."

ಹಂಪಯ್ಯನ ನಗೆ ನಿಂತಿತು. ನಲಿನಿಯ ಕೈಯಿಂದ ಹಾಳೆ ಇಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. "ಮಾವಾರ" ಎಂದ. "ಆ ಛತ್ರಿ ಮೊದಲೇ ಮುರದಿತ್ತ್ರಿ."

ಸಂಗಣ್ಣನವರಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಆದರೆ ಶಾಂಭವಿಯ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕೂವರೆ! ಐದರೊಳಗೆ ಐಶ್ವರ್ಯಾಗೆ ಹೂಂ ಎನ್ನಬೇಕು, ಅವಳ ನಂಬರು ಫೋನಿನೊಳಗಿದೆ, ಫೋನು ಸತ್ತು ಮಲಗಿದೆ. ಗದಿಗೆಮ್ಮ ಅಕ್ಕಪಕ್ಕದ ಮನೆಗಳಿಗೆ ಓಡಿ ಮೂರು ಚಾರ್ಜರು ತಂದಳು. ಒಂದರ ಪಿನ್ನೂ ಹೊಂದಲಿಲ್ಲ.

"ಇದರ ಚಾರ್ಜರು ಎಲ್ರೀ?"

"ಕ್ಲೇಮಿಗೆ ಜಮಾ ಮಾಡೀನಿ" ಎಂದರು ಸಂಗಣ್ಣನವರು.

"ನನ್ನ ಚೀಲದಾಗೇ ಐತಿ ಆಂಟಿ" ಎಂದು ನಲಿನಿ ಲಕೋಟೆ ತೆಗೆದಳು. ಕೆಂಪು ಅರಗು ಫಳಫಳ ಹೊಳೆಯಿತು. "ಆದರ ಸೀಲು ಒಡಿಯಂಗಿಲ್ಲ. ಕ್ಲೇಮು ಮುಗಿದರ ಅಷ್ಟೇ ಒಡೀಬೇಕು. ನೋಡ್ರಿ ಅಂಕಲ್, ಎರಡೇ ದಾರಿ. ನೀವು ಬರದದ್ದು ಖರೇ ಅಂದ್ರ ಇವರು ಕಳ್ಳರು, ಪೊಲೀಸರಿಗೆ ತಿಳಿಸಬೇಕು. ಮನಿಯವರೇ ಕದ್ದರ ಕ್ಲೇಮೂ ಸಿಗಂಗಿಲ್ಲ. ಇಲ್ಲಾಂದ್ರ ಕ್ಲೇಮು ವಾಪಸ್ ತಗೊಳ್ರಿ. ಈ ಫಾರಂ ತುಂಬ್ರಿ, ಈಗಲೇ ಸೀಲು ಒಡದು ಕೊಡ್ತೀನಿ. ಇದರ ಒಂದು ಪ್ರತಿ ಪೊಲೀಸ್ ಠಾಣೆಗೂ ಕೊಟ್ಟು ಬರ್ರಿ."

ಒಂದೇ ಪುಟದ ಫಾರಂ, ನಾಲ್ಕೇ ಕಾಲಮ್ಮು. ಹೆಸರು ತುಂಬಿದರು. ವಿಳಾಸ ತುಂಬಿದರು. ತಾರೀಖು ತುಂಬಿದರು. ನಾಲ್ಕನೆಯದು: 'ವಾಪಸು ಪಡೆಯಲು ಕಾರಣ.' ಪೆನ್ನು ಅಲ್ಲೇ ನಿಂತಿತು.

"ನಲಿನಿ... ಈ ಕಾಲಮ್ಮು ಖಾಲಿ ಬಿಟ್ಟರ ನಡಿಯಂಗಿಲ್ಲೇನಮ್ಮ?"

ಇಪ್ಪತ್ತಾರು ವರ್ಷದಲ್ಲಿ ಸಂಗಣ್ಣನವರ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ನಲಿನಿ ಆಗದೆಂದು ಗೋಣು ಅಲ್ಲಾಡಿಸಿದಳು. ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಗದಿಗೆಮ್ಮ ಬಾಗಿಲಿಗೆ ಒರಗಿ, ಹಿಟ್ಟಿನ ಕೈಗಳನ್ನು ಸೆರಗಿಗೆ ಒರೆಸಿ ಒರೆಸಿ ಕೆಂಪು ಮಾಡಿಕೊಳ್ಳುತ್ತಿದ್ದಳು. ನಾಳೆ ಆ ಕೈ ಇಟ್ಟಿಗೆ ಹೊರಬೇಕೋ ರೊಟ್ಟಿ ಬಡಿಯಬೇಕೋ ಎಂಬುದು ತಮ್ಮ ಪೆನ್ನಿನ ತುದಿಯಲ್ಲಿದೆ ಎಂದು ಹೊಳೆದಾಗ ಸಂಗಣ್ಣನವರಿಗೆ ನಿಜವಾಗಿ ನಾಚಿಕೆಯಾಯಿತು. ಬರೆದರು:

'ಫೋನನ್ನು ಯಾರೂ ಕದ್ದಿಲ್ಲ. ನಾನೇ ಹಳೇ ಸೀರೆಯ ಗಂಟಿನಲ್ಲಿ ಕಟ್ಟಿ ಕಳಿಸಿ ಮರೆತೆ. ಕಳ್ಳನೆಂದು ಬರೆದದ್ದು ನನ್ನ ಹೆಂಡತಿಯ ತಮ್ಮನ ಚಹರೆ. ಅವನು ಒಳ್ಳೆಯವನು. ಛತ್ರಿ ಮೊದಲೇ ಮುರಿದಿತ್ತು.'

ನಲಿನಿ ಅರಗು ಒಡೆದಳು. ಚಾರ್ಜರು ಸಿಕ್ಕಿಸಿದ ಎರಡು ನಿಮಿಷಕ್ಕೆ ಫೋನು ಕಣ್ಣು ತೆರೆದು, ಟಿಣ್ ಟಿಣ್ ಟಿಣ್ ಎಂದು ಹತ್ತು ದಿನದ ಮೆಸೇಜುಗಳನ್ನು ಒಟ್ಟಿಗೆ ಕಾರಿಕೊಂಡಿತು. ಕೊನೆಯದು ಐಶ್ವರ್ಯಾಳದು: 'ಆಂಟಿ ಇವತ್ತು ಐದು ಗಂಟೆ ಲಾಸ್ಟ್.' ಶಾಂಭವಿ ಗೋಡೆಗೆ ಅಂಟಿಕೊಂಡೇ ಫೋನು ಕಿವಿಗಿಟ್ಟಳು. ನಾಲ್ಕು ಐವತ್ತಾರಕ್ಕೆ "ಹೂಂ ರೀ ಅಮ್ಮಾ, ಮುನ್ನೂರು!" ಎಂದಳು. ಗದಿಗೆಮ್ಮ ಅಲ್ಲೇ ಕುಸಿದು ಕೂತು, ಅತ್ತಳೋ ನಕ್ಕಳೋ ಯಾರಿಗೂ ತಿಳಿಯಲಿಲ್ಲ.

ಸಂಗಣ್ಣನವರಿಗೆ ಸಿಗಬೇಕಾದ್ದು ಇನ್ನೂ ಬಾಕಿ ಇತ್ತು.

ಭಾನುವಾರ ರೊಟ್ಟಿ ಸಿದ್ಧವಾದವು. ಐಶ್ವರ್ಯಾ ಮೊದಲೇ ಕಳಿಸಿದ್ದ ಮೂರು ಬಿಲ್ಲೆಗಳನ್ನು ಶಾಂಭವಿ ಹಂಚಿದಳು. ತನಗೊಂದು, ಗದಿಗೆಮ್ಮನಿಗೊಂದು, ಹಂಪಯ್ಯನಿಗೊಂದು. ಫೋನನ್ನು ಹಂಪಯ್ಯನ ಕೈಗೆ ಕೊಟ್ಟು, "ನೀನು ಇಟ್ಟುಕೋಪಾ. ನಿನ್ನ ಕಡೆ ಇದ್ದರ ವಾಪಸ್ ಬರತೈತಿ" ಎಂದಳು. ಆ ಮೂವರೂ ಒಂದು ಆಟೋದಲ್ಲಿ ಪಲ್ಯ, ಹಿಂಡಿ ಹಿಡಿದು ಮುಂದೆ ಹೋದರು. ತಾನು ಇಟ್ಟಿಗೆ ಹೊತ್ತ ಕಟ್ಟಡದೊಳಗೆ ಗದಿಗೆಮ್ಮ ಕೊರಳಿಗೆ ಬಿಲ್ಲೆ ಹಾಕಿಕೊಂಡು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಕಾಲಿಟ್ಟಳು. ಹಿಂದಿನ ಆಟೋದಲ್ಲಿ ಮುನ್ನೂರು ರೊಟ್ಟಿಯ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸಂಗಣ್ಣನವರು ಬಂದಿಳಿದರು.

ಗೇಟಿನ ಕಾವಲುಗಾರ ದಪ್ಪ ರಿಜಿಸ್ಟರು ಮುಂದಿಟ್ಟ. ಸಂಗಣ್ಣನವರಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಹೆಸರು, ಊರು, ಬಂದ ಹೊತ್ತು, ಕೆಲಸ ಎಲ್ಲ ಮುತ್ತಿನ ಅಕ್ಷರದಲ್ಲಿ ತುಂಬಿದರು. ಕೊನೆಗೆ ಒಂದು ಕಾಲಮ್ಮು: 'ಮೊಬೈಲ್ ನಂಬರ್.' ಅವರಿಗೆ ಮೊಬೈಲು ಇರಲಿಲ್ಲ. ಹೆಂಡತಿಯದನ್ನು ಬರೆಯೋಣವೆಂದರೆ, ಆ ನಂಬರಿನ ಹೆಸರಲ್ಲಿ ಮತ್ತೇನೂ ಬರೆಯಕೂಡದೆಂದು ಮನೆಯಲ್ಲಿ ಅಪ್ಪಣೆಯಾಗಿತ್ತು.

"ಇದೊಂದು ಬಿಡಪ್ಪಾ" ಎಂದರು ಹಿಂದಿಯಲ್ಲಿ.

"ನಹೀ ಸಾಬ್" ಎಂದ ಕಾವಲುಗಾರ. "ಒಂದು ಕಾಲಮ್ಮು ಖಾಲಿ ಇದ್ದರೂ ರಿಜೆಕ್ಟ್."

ಮುನ್ನೂರು ರೊಟ್ಟಿಯ ಪಕ್ಕದಲ್ಲಿ, ಬಿಸಿಲಲ್ಲಿ, ಸಂಗಣ್ಣನವರು ಇಪ್ಪತ್ತು ನಿಮಿಷ ನಿಂತರು. ಕಡೆಗೆ ರೊಟ್ಟಿ ಎಲ್ಲಿ ಎಂದು ಹುಡುಕಿಕೊಂಡು ಹಂಪಯ್ಯ ಹೊರಗೆ ಬಂದ. ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಫೋನು.

ಕಾವಲುಗಾರ ಅವನಿಗೆ ಸಲಾಮು ಹೊಡೆದು, ಸಂಗಣ್ಣನವರ ಕಡೆ ಬೆರಳು ತೋರಿಸಿ ಕೇಳಿದ: "ಸಾಬ್, ಈ ಮನುಷ್ಯ ನಿಮಗೆ ಗೊತ್ತೇನು?"

ಹಂಪಯ್ಯ ಎರಡು ಹೆಜ್ಜೆ ಹಿಂದೆ ಸರಿದ. ನೆತ್ತಿಯ ಬೋಳಿನಿಂದ ಹಿಡಿದು, ಕಿಸೆಯ ನಾಲ್ಕು ಪೆನ್ನು, ಅಳತೆಪಟ್ಟಿ, ಕಾಲ ಚಪ್ಪಲಿಯವರೆಗೆ ಒಂದೊಂದನ್ನೇ ಸಾವಕಾಶವಾಗಿ ನೋಡಿದ. ಬಂಗಾರದ ಹಲ್ಲು ಕಾಣುವಂತೆ ನಕ್ಕು ಹೇಳಿದ:

"ಚಹರೆ ಹೊಂದತೈತಿ. ಒಳಗ ಬಿಡ್ರಿ."